ಕೊನೆಯ ಕಂತು ಕಂಡವನು

ಸುಳ್ಳುಗಳಲ್ಲಿ ಎರಡು ಬಗೆ. ಒಂದು, ಹೇಳಿದ ಮರುದಿನವೇ ಹುಳಿ ಹಿಡಿಯುವಂಥದ್ದು. ಇನ್ನೊಂದು, ಇಟ್ಟಷ್ಟೂ ಗಟ್ಟಿಯಾಗುತ್ತ ಹೋಗಿ, ಕೊನೆಗೆ ಅದರ ಮೇಲೆ ಜನ ಮನೆ ಕಟ್ಟಿಕೊಂಡು ಸುಖವಾಗಿರಬಹುದಾದಂಥದ್ದು. ಚೀಟಿಯಣ್ಣನ ಸುಳ್ಳು ಎರಡನೆಯ ಬಗೆಯದು. ಮೂವತ್ತಾರು ವರ್ಷ ಅದು ಅಲುಗಾಡದೆ ನಿಂತಿತ್ತು. ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಚಿತ್ರಮಂದಿರದ ಗೋಡೆಗೆ ಏಣಿ ಹಾಕಿ ಯಾರೋ ಒಂದು ಪೋಸ್ಟರ್ ಅಂಟಿಸಿದರು.

ಚೀಟಿಯಣ್ಣ ಯಾರು ಎಂದು ಮೊದಲು ಹೇಳಿಬಿಡಬೇಕು. ಬಸ್ ನಿಲ್ದಾಣದ ಹಿಂದೆ, ಹಳೇ ಟೈರುಗಳ ರಾಶಿ ದಾಟಿ ಹೋದರೆ ಒಂಟಿ ಕಿಟಕಿಯ ಒಂದು ಕೋಣೆ ಇದೆ. ಬಾಗಿಲ ಮೇಲೆ ‘ಕಳೆದುಹೋದ ವಸ್ತುಗಳ ವಿಭಾಗ’ ಎಂಬ ಹಲಗೆ. ಜನ ಬಸ್ಸಿನಲ್ಲಿ ಮರೆತು ಇಳಿದದ್ದೆಲ್ಲ ಅಲ್ಲಿಗೆ ಬರುತ್ತದೆ. ಕೊಡೆಗಳೇ ನೂರಾರು. ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಒಂದು ಪಿಟೀಲು, ಯಾರೋ ಬಾಯಿಂದ ತೆಗೆದು ಸೀಟಿನ ಮೇಲಿಟ್ಟು ಹೋದ ಎರಡು ಸೆಟ್ ಹಲ್ಲು. ಇವಕ್ಕೆಲ್ಲ ದಾರ ಕಟ್ಟಿ, ಚೀಟಿ ತೂಗುಹಾಕಿ, ಕಪಾಟಿನಲ್ಲಿ ಸಾಲಾಗಿ ಇಡುವುದು ಅವನ ಕೆಲಸ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಬೀದಿಯಲ್ಲಿ ಹಿರಿಯರಿಗೂ ಕಿರಿಯರಿಗೂ ಅವನು ಚೀಟಿಯಣ್ಣ.

ಆ ಕೋಣೆಯ ಕಾನೂನು ಸರಳ. ವಸ್ತು ತನ್ನದು ಎಂದು ಬಂದವರು ಅದನ್ನು ಬಿಚ್ಚುವ ಮೊದಲೇ ಒಳಗೇನಿದೆ ಎಂದು ಹೇಳಬೇಕು. ಒಂದು ವರ್ಷ ಒಂದು ದಿನ ಕಳೆದರೂ ಯಾರೂ ಕೇಳಿಕೊಂಡು ಬರದಿದ್ದರೆ, ಅದು ಯಾರ ಕೈಗೆ ಸಿಕ್ಕಿತ್ತೋ ಅವರದ್ದೇ ಆಗುತ್ತದೆ. ಆಮೇಲೆ ಹಳೇ ಮಾಲೀಕ ಬಂದು ತಲೆ ಚಚ್ಚಿಕೊಂಡರೂ ವಾಪಸ್ ಇಲ್ಲ. ಒಮ್ಮೆ ಇಸ್ತ್ರಿ ಮುರಿಯದ ಕೋಟು ತೊಟ್ಟ ಒಬ್ಬರು ಬಂದು ಒಂದು ಚೀಲ ತೋರಿಸಿ ತಮ್ಮದೆಂದರು.

“ಒಳಗೇನಿದೆ ಸರ್?”

“ಬಟ್ಟೆ.”

“ಎಂಥಾ ಬಟ್ಟೆ?”

“ಒಳ್ಳೇ ಬಟ್ಟೆ ಕಣಯ್ಯ.”

ಬಿಚ್ಚಿದರೆ ಹನ್ನೊಂದು ಹಿತ್ತಾಳೆ ನಲ್ಲಿಗಳಿದ್ದವು. ಇಂಥ ನೂರಾರು ಜನರ ಸುಳ್ಳನ್ನು ಕೂತಲ್ಲೇ ಹಿಡಿದವನು ಚೀಟಿಯಣ್ಣ. ಕಳ್ಳನ ಮನಸ್ಸು ಹುಳ್ಳಗೆ ಎಂಬ ಗಾದೆ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಮನಸ್ಸೇ ಮೂವತ್ತಾರು ವರ್ಷದಿಂದ ಹುಳ್ಳಗಿತ್ತು.

ಪೋಸ್ಟರಿನಲ್ಲಿ ಒಂದು ಆಮೆ ಇತ್ತು. ಚಿಪ್ಪಿನ ಮೇಲೆ ಚರ್ಮದ ಚೀಲ, ಹಿಂದೆ ಕಡಲು, ದೂರದಲ್ಲಿ ದೀಪಸ್ತಂಭ. ಮೇಲೆ ಆಳೆತ್ತರದ ಅಕ್ಷರ: ‘ಟಪಾಲು ಆಮೆ, ಭಾಗ ಎರಡು’. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಆ ಕೊನೆಯ ಭಾನುವಾರದಿಂದ ಮುಂದಕ್ಕೆ’. ಆ ಸಣ್ಣ ಅಕ್ಷರವನ್ನು ಚೀಟಿಯಣ್ಣ ಮೂರು ಸಲ ಓದಿದ.

ಮೂವತ್ತಾರು ವರ್ಷದ ಹಿಂದೆ ಇದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಟೀವಿಯಲ್ಲಿ ಬರುತ್ತಿದ್ದ ಕಾರ್ಟೂನು. ಒಂದು ಆಮೆ, ಒಂದು ಕಾಗದ, ಐವತ್ತೆರಡು ವಾರ. ವಿಳಾಸ ಹುಡುಕಿಕೊಂಡು ಆಮೆ ಮಳೆ, ಮರಳು, ರೈಲು ಹಳಿ ಎಲ್ಲ ದಾಟುತ್ತಿತ್ತು. ಅಷ್ಟು ನಿಧಾನಕ್ಕೆ ಕಾಗದ ಮುಟ್ಟಿಸುವುದನ್ನು ಜನ ಬೇರೆಲ್ಲೂ ಸಹಿಸುತ್ತಿರಲಿಲ್ಲ, ಅಲ್ಲಿ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬೀದಿಗೆಲ್ಲ ಇದ್ದದ್ದು ಒಂದೇ ಟೀವಿ. ಅದರ ಒಡತಿ ಆಗ ಟೀವಿಯಮ್ಮ, ಈಗ ಟೀವಿ ಅಜ್ಜಿ. ಆಕೆಯ ನಡುಮನೆಯಲ್ಲಿ ಹದಿನೆಂಟು ಮಕ್ಕಳು ಒಬ್ಬರ ಮಂಡಿ ಮೇಲೆ ಒಬ್ಬರು ಕೂತು ನೋಡುತ್ತಿದ್ದರು.

ಐವತ್ತೆರಡನೆಯ ಭಾನುವಾರ, ಆಮೆ ದೀಪಸ್ತಂಭದ ಮೆಟ್ಟಿಲು ಮುಟ್ಟಬೇಕು ಅನ್ನುವಾಗ, ಊರಿನ ಟ್ರಾನ್ಸ್‌ಫಾರ್ಮರ್ ಢಮ್ಮೆಂದಿತು. ಊರಿಗೆ ಊರೇ ಕರೆಂಟು ಹೋಯಿತು. ಮರುಪ್ರಸಾರ ಎಂಬ ಕರುಣೆ ಆ ಕಾಲದಲ್ಲಿ ಇರಲಿಲ್ಲ. ಮುಂದಿನ ಭಾನುವಾರ ಅದೇ ಹೊತ್ತಿಗೆ ಗುಲಾಬಿ ಗಿಡಕ್ಕೆ ಗೊಬ್ಬರ ಹಾಕುವುದು ಹೇಗೆ ಎಂಬ ಕಾರ್ಯಕ್ರಮ ಶುರುವಾಯಿತು.

ಆ ಭಾನುವಾರ ಬೀದಿಯ ಒಬ್ಬ ಹುಡುಗ ಮಾತ್ರ ನದಿಯಾಚೆಗೆ, ತನ್ನ ಅತ್ತೆಯ ಮನೆಗೆ ಹೋಗಿದ್ದ. ಅಲ್ಲಿ ಕರೆಂಟು ಇತ್ತು, ಟೀವಿಯೂ ಇತ್ತು. ಸಂಜೆ ಅವನು ಬಸ್ಸಿನಿಂದ ಇಳಿದಾಗ ಹದಿನೇಳು ಮಕ್ಕಳು ಅವನನ್ನು ಸುತ್ತುವರಿದರು. ಹನ್ನೊಂದು ವರ್ಷದ ಬದುಕಿನಲ್ಲಿ ಅವನನ್ನು ಯಾರೂ ಸುತ್ತುವರಿದಿರಲಿಲ್ಲ. ಆಟಕ್ಕೂ ಅಷ್ಟೇ, ಒಬ್ಬ ಕಡಿಮೆ ಬಿದ್ದರೆ ಮಾತ್ರ ಅವನ ಹೆಸರು ನೆನಪಾಗುತ್ತಿತ್ತು.

“ನೋಡಿದ್ಯೇನೋ?”

“ನೋಡಿದೆ.”

ನಿಜ ಏನೆಂದರೆ, ಎಂಟೂ ಮುಕ್ಕಾಲಿಗೆ ಮಾವ ಅವನನ್ನು ದರದರ ಎಳೆದುಕೊಂಡು ಕ್ಷೌರದಂಗಡಿಗೆ ಹೋಗಿದ್ದರು. ಮುಂದೆ ಮೂರು ತಲೆಗಳಿದ್ದವು. ಅವನು ವಾಪಸ್ ಬರುವಷ್ಟರಲ್ಲಿ ಟೀವಿಯಲ್ಲಿ ವಾರ್ತೆ ಬರುತ್ತಿತ್ತು, ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಆದರೆ ‘ನೋಡಿದೆ’ ಎಂದ ಮೇಲೆ ಮುಂದಕ್ಕೆ ಹೇಳಲೇಬೇಕಲ್ಲ. ಮಾತು ಆಡಿದರೆ ಹೋಯಿತು. ಹುಡುಗನಿಗೆ ಆಗ ಹಸಿವು ಬೇರೆ, ಹಾಗಾಗಿ ಕಥೆಯಲ್ಲಿ ಊಟ ಬಂತು. ಆಮೆ ಮೆಟ್ಟಿಲು ಹತ್ತಿತು, ಬಾಗಿಲು ತಟ್ಟಿತು, ಬಾಗಿಲು ತೆರೆದದ್ದು ಆಮೆಯ ಅಮ್ಮನೇ. ಒಂದು ವರ್ಷ ಬೆನ್ನ ಮೇಲೆ ಹೊತ್ತ ಕಾಗದ ಬೇರೆ ಯಾರದ್ದೋ ಅಲ್ಲ, ಆಮೆಗೇ ಬಂದದ್ದು. ಅಮ್ಮ ಬರೆದಿದ್ದಳು: ‘ಮಗನೇ, ಎಲ್ಲಿದ್ರೂ ಬೇಗ ಬಾ. ಊಟ ಆರ್ತಿದೆ.’

ಹಿಂದೆ ನಿಂತಿದ್ದ ಏಳು ವರ್ಷದ ಒಬ್ಬಳು ಹುಡುಗಿ ಮಾತ್ರ ಕೇಳಿದಳು: “ಆಮೆ ಊಟ ಮಾಡ್ತಾ?”

“ಮಾಡ್ದೆ ಏನು? ಎರಡು ಸಲ ಬಡಿಸ್ಕೊಳ್ತು.”

ಆ ಹುಡುಗಿಯೇ ಮುಂದೆ ಚೀಟಿಯಣ್ಣನ ಹೆಂಡತಿಯಾದಳು. ಈಗ ಹಾಲಿನ ಕೇಂದ್ರದಲ್ಲಿ ಪರೀಕ್ಷಕಿ. ಇಪ್ಪತ್ತು ವರ್ಷದಿಂದ ಗಾಜಿನ ಕಡ್ಡಿ ಅದ್ದಿ ಅದ್ದಿ, ಈಗ ಕಡ್ಡಿ ಅದ್ದುವ ಮೊದಲು ಹಾಲು ತಂದವನ ಮುಖ ನೋಡಿಯೇ “ಎಷ್ಟು ಚೊಂಬು ನೀರು?” ಎಂದು ಕೇಳುತ್ತಾಳೆ. ಮದುವೆಗೆ ಮೊದಲು ಯಾರೋ ಅವಳನ್ನು ಇವನಲ್ಲಿ ಏನು ಕಂಡೆ ಎಂದು ಕೇಳಿದ್ದರಂತೆ. “ಬೇರೆ ಹುಡುಗರು ಆಮೆ ಸತ್ತೋಯ್ತು ಅಂತ ನನ್ನ ಅಳಿಸ್ತಿದ್ರು. ಇವರು ಒಬ್ಬರೇ ಇದ್ದದ್ದನ್ನ ಇದ್ದ ಹಾಗೆ ಹೇಳಿದ್ದು” ಎಂದಿದ್ದಳು. ಚೀಟಿಯಣ್ಣನಿಗೆ ಈ ಮಾತು ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಗಿ ಗಂಟಲಲ್ಲೇ ಉಳಿಯಿತು.

ಇನ್ನು ಬೀದಿಯಂತೂ ಆ ಕೊನೆಯನ್ನು ಮನೆಮಗನಂತೆ ಸಾಕಿತು. ದರ್ಜಿ ಮಧ್ಯಾಹ್ನ ಅಂಗಡಿ ಮುಚ್ಚುವಾಗ ‘ಊಟ ಆರ್ತಿದೆ’ ಎಂಬ ಹಲಗೆ ನೇತುಹಾಕುತ್ತಾನೆ. ಸೈಕಲ್ ರಿಪೇರಿಯವನು ಹರೆಯದಲ್ಲಿ ಅಪ್ಪನ ಜೊತೆ ಜಗಳ ಆಡಿ ಮನೆ ಬಿಟ್ಟು ಹೋದವನು ಮೂರನೇ ದಿನ ತಿರುಗಿ ಬಂದ. “ಆಮೆಯಂಥ ಆಮೇನೇ ಮನೆಗೆ ಹೋಯ್ತು, ನಂದೇನು ದೊಡ್ಡಸ್ತಿಕೆ?” ಎಂದನಂತೆ. ಈಗಿನ ಕಾಲದಲ್ಲಿ ಫೋನಿನಲ್ಲಿ ಹುಡುಕಿದ್ದರೆ ನಿಜವಾದ ಕಂತು ಸಿಗುತ್ತಿತ್ತೋ ಏನೋ. ಆದರೆ ಕಣ್ಣಾರೆ ಕಂಡವನು ಬೀದಿಯಲ್ಲೇ ಇರುವಾಗ ಫೋನು ನೋಡುವ ಪೆದ್ದರು ಯಾರು?

ಮೂರು ವರ್ಷದ ಹಿಂದೆ ಈ ಕಾರ್ಟೂನನ್ನು ನಿಜವಾದ ಮನುಷ್ಯರು, ನಿಜವಾದ ಕಡಲು ಹಾಕಿ ಸಿನಿಮಾ ಮಾಡಿದರು. ಆಮೆ ಮಾತ್ರ ಕಂಪ್ಯೂಟರಿನದು. ಇಡೀ ಬೀದಿ ಹೋಗಿ ನೋಡಿತು. ನಲವತ್ತು ದಾಟಿದ ಗಂಡಸರು ಕಣ್ಣಿಗೆ ಧೂಳು ಬಿತ್ತು ಎಂದರು, ಕಿಟಕಿಯೇ ಇಲ್ಲದ ತಂಪು ಚಿತ್ರಮಂದಿರದಲ್ಲಿ. ಹೊರಗೆ ಬಂದ ಮೇಲೆ ದರ್ಜಿ, “ಎಲ್ಲಾ ಸರಿ, ನಮ್ಮ ಆಮೆಗೆ ಮುಖದ ಮೇಲೆ ಇಷ್ಟು ಸುಕ್ಕಿರಲಿಲ್ಲ” ಎಂದ. ಟೀವಿ ಅಜ್ಜಿ, “ನಮಗೂ ಇರಲಿಲ್ಲ” ಎಂದರು. ಆ ಸಿನಿಮಾ ಆಮೆ ದೂರದಿಂದ ದೀಪಸ್ತಂಭ ಕಾಣುವಲ್ಲಿಗೆ ಮುಗಿದಿತ್ತು. ಅವತ್ತು ಚೀಟಿಯಣ್ಣ ಗಂಡಾಂತರ ತಪ್ಪಿತು ಎಂದುಕೊಂಡಿದ್ದ. ತಪ್ಪಿರಲಿಲ್ಲ, ಮುಂದಕ್ಕೆ ಹೋಗಿತ್ತು ಅಷ್ಟೇ.

ಪೋಸ್ಟರ್ ಅಂಟಿದ ಸಂಜೆಯೇ ದರ್ಜಿಯ ಅಂಗಡಿಯಲ್ಲಿ ಸಭೆ ಸೇರಿತು.

“ಭಾನುವಾರ ಮಧ್ಯಾಹ್ನದ ಆಟ. ಎರಡು ಸಾಲು ಪೂರ್ತಿ ನಮ್ಮದೇ” ಎಂದ ದರ್ಜಿ, ಬಾಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡು.

“ಎರಡನೇ ಭಾಗಗಳು ಚೆನ್ನಾಗಿರಲ್ಲಪ್ಪ” ಎಂದ ಚೀಟಿಯಣ್ಣ. “ಹಳೇ ನೆನಪು ಹಾಳಾಗುತ್ತೆ. ಸುಮ್ನೆ ಮನೇಲಿ ಕೂತು ನೆನೆಸ್ಕೊಳ್ಳೋದೇ ವಾಸಿ.”

“ನಿನಗೇನಪ್ಪ, ಕಣ್ಣಾರೆ ನೋಡಿದವನು. ನಮಗೆ ಆ ಭಾಗ್ಯ ಈಗ ಬಂದಿದೆ. ಆ ಅಮ್ಮ ಬಾಗಿಲು ತೆಗೀತಾಳಲ್ಲ, ಅದನ್ನ ನೋಡ್ಬೇಕು ನಾನು. ಕರವಸ್ತ್ರ ಆಗ್ಲೇ ಹೊಲಿದಿಟ್ಟಿದೀನಿ. ಹದಿನೆಂಟು.”

“ಸೀಟಲ್ಲಿ ತಿಗಣೆ ಇದೆಯಂತೆ.”

“ಇರ್ಲಿ, ಅವೂ ನೋಡ್ಲಿ” ಎಂದ ಸೈಕಲ್ ರಿಪೇರಿಯವನು.

ಶನಿವಾರ ಚೀಟಿಯಣ್ಣನಿಗೆ ಹೊಟ್ಟೆನೋವು ಬಂತು. ಮಂಚದ ಮೇಲೆ ಮುದುರಿ ಮಲಗಿ ಸಣ್ಣಗೆ ನರಳಿದ. ಹೆಂಡತಿ ಬಂದು ಮುಖ ನೋಡಿದಳು. ಹಾಲಿನ ಪಾತ್ರೆ ನೋಡುವ ಹಾಗೆಯೇ ನೋಡಿದಳು.

“ಎಲ್ಲಿ ನೋವು?”

“ಇಲ್ಲಿ.”

“ಆಗ ಅಲ್ಲಿ ಅಂದ್ರಿ.”

“ಓಡಾಡ್ತಿದೆ.”

“ಹಾಗಾದ್ರೆ ಅದೂ ಸಿನಿಮಾಗೆ ಬರುತ್ತೆ, ಕರ್ಕೊಂಡ್ ಬನ್ನಿ. ಮೂವತ್ತಾರು ವರ್ಷದಿಂದ ಕಾದಿದೀನಿ, ನಿಮ್ಮ ಪಕ್ಕದಲ್ಲೇ ಕೂತು ನೋಡ್ಬೇಕು” ಎಂದು ಹೇಳಿ, ಅವನ ಅಂಗಿಗೆ ಇಸ್ತ್ರಿ ಹಾಕಲು ಹೋದಳು. ಅವಳು ಇಷ್ಟು ಖುಷಿಯಾಗಿದ್ದದ್ದನ್ನು ಕಂಡು ಬಹಳ ದಿನವಾಗಿತ್ತು. ಚೀಟಿಯಣ್ಣನಿಗೆ ಈ ಸಲ ನಿಜವಾಗಿಯೂ ಹೊಟ್ಟೆ ನೋಯತೊಡಗಿತು.

ಭಾನುವಾರ ಮಧ್ಯಾಹ್ನ ಬೀದಿ ಒಗೆದ ಬಟ್ಟೆ ತೊಟ್ಟು ಚಿತ್ರಮಂದಿರದ ಎರಡು ಸಾಲು ತುಂಬಿತು. ಹಿಂದಿನ ಸಾಲುಗಳಲ್ಲಿ ನದಿಯಾಚೆಯವರು ಕೂತಿದ್ದರು. ದೀಪ ಆರಿತು. ಪರದೆಯ ಮೇಲೆ ನಿಜವಾದ ಕಡಲು, ನಿಜವಾದ ಮಳೆ. ಆಮೆ ದೀಪಸ್ತಂಭದ ಮೆಟ್ಟಿಲು ಹತ್ತಲು ಶುರುಮಾಡಿತು. ಏಳು ನಿಮಿಷ ಹತ್ತಿತು. ಟೀವಿ ಅಜ್ಜಿ ಅಷ್ಟರಲ್ಲಿ ಒಂದು ನಿದ್ದೆ ಮುಗಿಸಿದರು. ಹೆಂಡತಿ ಚೀಟಿಯಣ್ಣನ ಕೈ ಹಿಡಿದುಕೊಂಡಳು. ಅಂಗೈ ಒದ್ದೆಯಾಗಿತ್ತು. ಸಂತೋಷಕ್ಕೆ ಎಂದುಕೊಂಡಳು.

ಆಮೆ ಬಾಗಿಲ ಮುಂದೆ ನಿಂತಿತು. ಬಾಗಿಲಿಗೆ ಒಂದು ತುಕ್ಕು ಹಿಡಿದ ಬೀಗ. ಬೀಗದ ಮೇಲೆ ಒಂದು ಹಲಗೆ: ‘ಮನೆ ಬದಲಾಯಿಸಿದ್ದೇವೆ’.

ಆಮೆ ನಿಟ್ಟುಸಿರು ಬಿಟ್ಟಿತು, ತಿರುಗಿತು, ಮೆಟ್ಟಿಲು ಇಳಿಯಲು ಶುರುಮಾಡಿತು. ಸಂಗೀತ ಮೊಳಗಿ ಸಿನಿಮಾದ ಹೆಸರು ಬಂತು. ಹಿಂದಿನ ಸಾಲುಗಳಿಂದ ಚಪ್ಪಾಳೆ ಬಿತ್ತು. “ಅದೇ ಬೀಗ! ಅದೇ ಬೋರ್ಡು! ಒಂದಕ್ಷರ ಬದಲಾಯಿಸಿಲ್ಲ!” ಎಂದು ಯಾರೋ ಬಿಕ್ಕುತ್ತ ಕೂಗಿದರು.

ಮುಂದಿನ ಎರಡು ಸಾಲಿನಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ದರ್ಜಿ ಎದ್ದು ನಿಂತ. ಅವನ ತಲೆಯ ನೆರಳು ಕಡಲ ಮೇಲೆ ಬಿತ್ತು.

“ನಿಲ್ಸಿ ರೀ! ಅಮ್ಮ ಎಲ್ಲಿ?”

“ಕೂತ್ಕೊಳ್ರೀ” ಎಂದರು ಹಿಂದಿನವರು. “ಯಾವ ಅಮ್ಮ? ನಾವು ಮೂವತ್ತಾರು ವರ್ಷದ ಹಿಂದೆ ನೋಡಿದ್ದೂ ಇದೇ. ನಮ್ಮ ಕಡೆ ಕರೆಂಟ್ ಇತ್ತು.”

“ನಮ್ಮವನೂ ನಿಮ್ಮ ಕಡೇನೇ ಕೂತು ನೋಡಿದ್ದು ಕಣ್ರೀ! ಕೇಳಿ ಬೇಕಾದ್ರೆ!”

ಎಲ್ಲ ತಲೆಗಳೂ ತಿರುಗಿದವು. ಚೀಟಿಯಣ್ಣ ಸೀಟಿನಲ್ಲಿ ಜಾರಿ ಜಾರಿ, ತಲೆಯನ್ನು ಕಾಲರಿನೊಳಗೆ ಎಳೆದುಕೊಂಡು ಕೂತಿದ್ದ. ಬೆನ್ನ ಮೇಲೆ ಒಂದು ಚೀಲ ಇಟ್ಟಿದ್ದರೆ ಪರದೆಯ ಮೇಲಿನದಕ್ಕೂ ಅವನಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಸಿನಿಮಾ ನಿಂತು ದೀಪ ಹತ್ತಿತು. ಚಿತ್ರಮಂದಿರದ ಮ್ಯಾನೇಜರು ಟಾರ್ಚು ಹಿಡಿದು ಬಂದರು, ಬೆಳಕಿನಲ್ಲೂ ಅದನ್ನು ಆರಿಸದೆ. ತೆಳ್ಳನೆ ಮನುಷ್ಯ, ಜಗಳವನ್ನು ಕಂಡರೆ ಬಾಗಿ ನಡೆಯುವವರು. ದರ್ಜಿಯನ್ನೂ, ಅವನ ಹಿಂದೆ ಬಂದ ಅರ್ಧ ಬೀದಿಯನ್ನೂ ತಮ್ಮ ಕೋಣೆಗೆ ಕರೆದೊಯ್ದು ಎಲ್ಲ ಕೇಳಿಸಿಕೊಂಡರು.

“ನೋಡಿ” ಎಂದರು, “ಸೀಟು ಮುರಿದಿದೆ ಅಂತ ದೂರು ಬಂದಿದೆ. ಪಕ್ಕದವರು ಗೊರಕೆ ಹೊಡೀತಾರೆ ಅಂತ ಬಂದಿದೆ. ಆಮೆಗೆ ಅಮ್ಮ ಸಿಗಲಿಲ್ಲ ಅಂತ ಇದೇ ಮೊದಲು. ಇದಕ್ಕೆ ನಮ್ಮಲ್ಲಿ ಫಾರಂ ಇಲ್ಲ.”

“ಯಾವ ಫಾರಂ ಇದೆ?”

ಮ್ಯಾನೇಜರು ಡ್ರಾಯರ್ ಹುಡುಕಿ ಒಂದೇ ಒಂದು ಹಳದಿ ಹಾಳೆ ತೆಗೆದರು. ಪ್ರೇಕ್ಷಕರು ಮರೆತುಹೋದ ವಸ್ತುಗಳಿಗೆ ಸಂಬಂಧಪಟ್ಟದ್ದು. ದರ್ಜಿಗೆ ಅಷ್ಟೇ ಸಾಕಾಯಿತು. ಫಾರಂ ಹೀಗೆ ತುಂಬಿತು. ಕಳೆದುಹೋದ ವಸ್ತು: ಆಮೆಯ ತಾಯಿ. ಸ್ಥಳ: ದೀಪಸ್ತಂಭದ ಒಳಗೆ. ವಸ್ತುವಿನ ಗುರುತು: ಕೈಯಲ್ಲಿ ಸೌಟು. ಈ ಸೌಟನ್ನು ಮೂವತ್ತಾರು ವರ್ಷದಲ್ಲಿ ಯಾರು ಯಾವಾಗ ಸೇರಿಸಿದರೋ ಚೀಟಿಯಣ್ಣನಿಗೂ ಗೊತ್ತಿರಲಿಲ್ಲ. ಕೊನೆಯದಾಗಿ ಕಂಡವರು:

ಆ ಸಾಲಿನ ಮುಂದೆ ದರ್ಜಿ ಪೆನ್ನು ನಿಲ್ಲಿಸಿ ಚೀಟಿಯಣ್ಣನಿಗೆ ಕೊಟ್ಟ. “ಇದು ನಿನ್ನ ಇಲಾಖೆ. ಹಾಕು ಸಹಿ.”

ಇಂಥ ಹಾಳೆಗಳ ಆಚೆ ಬದಿಯಲ್ಲಿ ಕೂತು ಇಪ್ಪತ್ತೈದು ವರ್ಷ ಸುಳ್ಳರನ್ನು ಸೋಸಿದ ಮನುಷ್ಯ ಈಗ ಈಚೆ ಬದಿಯಲ್ಲಿ ನಿಂತಿದ್ದ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು. “ಹಾಕ್ರೀ, ನೋಡಿದವರು ನೀವೊಬ್ಬರೇ ಅಲ್ವಾ” ಎಂದಳು. ಅವನು ಸಹಿ ಹಾಕಿದ. ಅಕ್ಷರಗಳು ಒಂದೊಂದೂ ಒಂದೊಂದು ದಿಕ್ಕಿಗೆ ಓಡಿದವು.

ಮ್ಯಾನೇಜರು ಆ ಹಾಳೆಯನ್ನು ಸಿನಿಮಾ ಕಂಪನಿಗೆ ಕಳಿಸಿದರು. ಇಂಥ ಕಾಗದಗಳಿಗೆ ಉತ್ತರ ಬರುವುದಿಲ್ಲ ಎಂಬುದು ಲೋಕದ ನಿಯಮ. ಚೀಟಿಯಣ್ಣ ಆ ನಿಯಮವನ್ನೇ ನಂಬಿ ಎರಡು ವಾರ ನೆಮ್ಮದಿಯಾಗಿ ಕೊಡೆಗಳಿಗೆ ದಾರ ಕಟ್ಟಿದ. ಹಣೆಬರಹ ನೋಡಿ, ಅವನ ಪಾಲಿಗೆ ಉತ್ತರ ಬಂತು. ಸಿನಿಮಾ ಕಂಪನಿಯವನೊಬ್ಬ ಮೂಲ ಕಂತಿನ ಸುರುಳಿಯನ್ನು ತಗಡಿನ ಡಬ್ಬದಲ್ಲಿಟ್ಟುಕೊಂಡು ಸ್ವತಃ ಬಂದ. ಭಾನುವಾರ ಬೆಳಿಗ್ಗೆ, ಸರಿಯಾಗಿ ಒಂಬತ್ತಕ್ಕೆ, ಎಲ್ಲರಿಗೂ ಅದೇ ಚಿತ್ರಮಂದಿರದಲ್ಲಿ ತೋರಿಸುತ್ತೇನೆ ಎಂದ. ಒಳ್ಳೆಯ ಹುಡುಗ, ಇಸ್ತ್ರಿ ಮಾಡಿದ ನಗು.

ಬೀದಿ ಮತ್ತೆ ಅದೇ ಎರಡು ಸಾಲಿನಲ್ಲಿ ಕೂತಿತು. ಪರದೆಯ ಮೇಲೆ ಗೀರು ಗೀರಾದ ಹಳೇ ಚಿತ್ರ ಮೂಡಿತು. ಕೈಯಲ್ಲಿ ಬರೆದ ಕಡಲು, ಕೈಯಲ್ಲಿ ಬರೆದ ಮಳೆ. ಮುಖದಲ್ಲಿ ಒಂದೂ ಸುಕ್ಕಿಲ್ಲದ ಆಮೆ. ಅದನ್ನು ಕಂಡ ಕೂಡಲೇ ಎರಡು ಸಾಲೂ ಒಟ್ಟಿಗೆ “ಹಾ” ಎಂದಿತು. ಸೈಕಲ್ ರಿಪೇರಿಯವನು ಪಕ್ಕದವನ ಮಂಡಿ ಮೇಲೆ ಕೈ ಇಟ್ಟ. ಒಂದೆರಡು ನಿಮಿಷ ಅಲ್ಲಿ ನಲವತ್ತು ದಾಟಿದವರು ಯಾರೂ ಇರಲಿಲ್ಲ. ಆಮೆ ಮೆಟ್ಟಿಲು ಹತ್ತಿತು. ಬಾಗಿಲು. ಬೀಗ. ‘ಮನೆ ಬದಲಾಯಿಸಿದ್ದೇವೆ’.

ದೀಪ ಹತ್ತಿತು. ಹದಿನೆಂಟು ಹೊಸ ಕರವಸ್ತ್ರಗಳು ಮಡಿಕೆ ಬಿಚ್ಚದೆ ಮಡಿಲಲ್ಲಿ ಕೂತಿದ್ದವು. ಚೀಟಿಯಣ್ಣ ಪಕ್ಕಕ್ಕೆ ನೋಡಿದ. ಹೆಂಡತಿ ಪರದೆಯನ್ನೇ ನೋಡುತ್ತಿದ್ದಳು, ಏಳು ವರ್ಷದ ಹುಡುಗಿಯ ಮುಖ ಹೊತ್ತುಕೊಂಡು. ಅದನ್ನು ಮಾತ್ರ ಅವನಿಂದ ತಡೆಯಲಾಗಲಿಲ್ಲ. ಎದ್ದು ನಿಂತ.

“ಇದೇ ನಿಜ” ಎಂದ. “ಅಮ್ಮ, ಕಾಗದ, ಊಟ, ಎಲ್ಲಾ ನಾನು ಕಟ್ಟಿದ್ದು. ಅವತ್ತು ನಾನು ನೋಡಲೇ ಇಲ್ಲ. ಕ್ಷೌರ ಮಾಡಿಸ್ಕೊಳ್ತಿದ್ದೆ. ನನ್ನ ಮುಂದೆ ಇನ್ನೂ ಮೂರು ಜನ ಇದ್ರು.”

ಮೂವತ್ತಾರು ವರ್ಷದ ಗಂಟು ಬಿಚ್ಚಿ ನೆಲಕ್ಕೆ ಸುರಿದದ್ದಾಯಿತು. ಇನ್ನು ಕಲ್ಲು ಬೀಳಬಹುದು, ಚಪ್ಪಲಿ ಬೀಳಬಹುದು ಎಂದು ಅವನು ಕಣ್ಣು ಮುಚ್ಚಿಕೊಂಡ. ಬಿದ್ದದ್ದು ಟೀವಿ ಅಜ್ಜಿಯ ದನಿ.

“ಪಾಪ. ಹೆದರ್ಸಿಬಿಟ್ಟಿದಾರೆ ಮಗೂನ.”

“ಯಾರೂ ಹೆದರ್ಸಿಲ್ಲ ಅಜ್ಜಿ, ನಾನೇ—”

“ನೋಡ್ರೀ ಹೇಗೆ ನಡುಗ್ತಿದಾನೆ” ಎಂದ ದರ್ಜಿ, ಕಂಪನಿಯವನ ಕಡೆ ತಿರುಗಿ. “ಒಬ್ಬ ಬಡಪಾಯಿ ಸಾಕ್ಷಿಯನ್ನ ಹಿಡ್ಕೊಂಡು ಏನು ಬೇಕಾದ್ರೂ ಹೇಳಿಸ್ತೀರಲ್ಲ, ಮನುಷ್ಯರಾ ನೀವು?”

“ನಾನು ಇವರ ಹತ್ರ ಮಾತೇ ಆಡಿಲ್ಲ ಸರ್” ಎಂದ ಕಂಪನಿಯವನು.

“ದಯವಿಟ್ಟು ನಂಬ್ರಪ್ಪ” ಎಂದ ಚೀಟಿಯಣ್ಣ, ಅಳುವ ದನಿಯಲ್ಲಿ. “ನಾನೇ ಕಟ್ಟಿದ್ದು!”

ಈಗ ಸೈಕಲ್ ರಿಪೇರಿಯವನು ಎದ್ದ. ಕಡಿಮೆ ಮಾತಿನ ಮನುಷ್ಯ, ಹಾಗಾಗಿ ಅವನ ಮಾತಿಗೆ ತೂಕ ಜಾಸ್ತಿ. “ನೋಡು, ಬೇಜಾರು ಮಾಡ್ಕೋಬೇಡ. ಬೇರೆ ಯಾರು ಹೇಳಿದ್ರೂ ನಂಬ್ತಿದ್ದೆ. ಆ ಕಾಗದ ಕಟ್ಟೋವಷ್ಟು ತಲೆ ನಿನಗೆಲ್ಲಿದೆ? ಒಂದು ದಿನದ ರಜಾ ಅರ್ಜಿ ಬರೆಯೋಕೂ ಹೆಂಡ್ತೀನ ಕೇಳ್ತೀಯ.”

ಎರಡು ಸಾಲುಗಳೂ ತಲೆದೂಗಿದವು. ಚೀಟಿಯಣ್ಣನೂ ತಲೆದೂಗಿದ, ಏಕೆಂದರೆ ರಜಾ ಅರ್ಜಿಯ ಮಾತು ನಿಜವಾಗಿತ್ತು. ಆಮೇಲೆ ತಾನೇ ತಾನಾಗಿ ಎಲ್ಲ ಸಮಸ್ಯೆಗೂ ಪರಿಹಾರ ಸಿಕ್ಕಿತು. ನದಿಯಾಚೆಯಲ್ಲೇ ಒಂದು ಬೀದಿಗೆ ಒಂದು ಕೊನೆ, ಇನ್ನೊಂದು ಬೀದಿಗೆ ಇನ್ನೊಂದು ಕೊನೆ ತೋರಿಸಿರಬೇಕು. ಹಾಳಾದ ಕಂಪನಿ ಒಳ್ಳೆಯದನ್ನು ಎಲ್ಲೋ ಕಳೆದುಹಾಕಿಕೊಂಡಿದೆ. “ನನ್ನ ಟೀವೀಲಿ ಆಮೆ ಹಸಿರಾಗಿತ್ತು, ಇದು ಬೂದಿ ಬಣ್ಣ. ಇದು ಬೇರೇನೇ ಆಮೆ” ಎಂದು ಟೀವಿ ಅಜ್ಜಿ ಷರಾ ಬರೆದರು. ಆಕೆಯ ಟೀವಿ ಕಪ್ಪು ಬಿಳುಪಿನದು ಎಂದು ನೆನಪಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಕಂಪನಿಯವನು ಮೆಲ್ಲಗೆ ಚೀಟಿಯಣ್ಣನ ಹತ್ತಿರ ಸರಿದು, ಕಿಸೆಯಿಂದ ಪುಟ್ಟ ಪುಸ್ತಕ ತೆಗೆದ. “ಸರ್, ಆ ಕಾಗದದಲ್ಲಿ ಏನಿತ್ತು ಅಂದ್ರಿ? ಮೂರನೇ ಭಾಗಕ್ಕೆ ನಮಗೇನೂ ಹೊಳೀತಿಲ್ಲ.”

“ನೋಡಿದ್ರಾ, ನೋಡಿದ್ರಾ!” ಎಂದು ದರ್ಜಿ ಕುಣಿದ. “ಕಳ್ಕೊಂಡಿದ್ದನ್ನ ಈಗ ಬರ್ಕೊಳ್ತಿದಾನೆ!”

ಬೀದಿ ಗೆದ್ದ ಸೈನ್ಯದ ಹಾಗೆ ಹೊರಗೆ ಬಂತು. ಚೀಟಿಯಣ್ಣನ ಬೆನ್ನು ತಟ್ಟಿದವರೆಷ್ಟೋ. “ಪರವಾಗಿಲ್ಲ ಬಿಡು, ಇದೆಲ್ಲ ಮನಸ್ಸಿಗೆ ಹಚ್ಕೋಬೇಡ” ಎಂದರು. ತಪ್ಪೊಪ್ಪಿಕೊಂಡು ಇಷ್ಟು ಮರ್ಯಾದೆ ಗಳಿಸಿದ ಅಪರಾಧಿ ಇನ್ನೊಬ್ಬ ಇರಲಾರ. ಅವನಿಗೆ ಆಶ್ಚರ್ಯ, ನೆಮ್ಮದಿ, ಒಳಗೆಲ್ಲೋ ಸ್ವಲ್ಪ ಅವಮಾನವೂ ಆಯಿತು. ಜೀವನದಲ್ಲಿ ತಾನು ಮಾಡಿದ ಒಂದೇ ಒಂದು ಜಾಣತನವನ್ನು ಯಾರೂ ತನ್ನದೆಂದು ಒಪ್ಪಲಿಲ್ಲವಲ್ಲ.

ಹೆಂಡತಿ ಮಾತ್ರ ಬೆನ್ನು ತಟ್ಟಲಿಲ್ಲ. ಎಲ್ಲರಿಗಿಂತ ಮುಂದೆ, ಒಬ್ಬಳೇ ನಡೆದು ಹೋಗುತ್ತಿದ್ದಳು.

ಮನೆಯಲ್ಲಿ ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು ಅಡುಗೆ ಮಾಡಿದಳು. ಪಾತ್ರೆಗಳು ಎಂದಿನಷ್ಟೇ ಸದ್ದು ಮಾಡಿದವು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. ಚೀಟಿಯಣ್ಣ ನಡುಮನೆಯ ಕುರ್ಚಿಯ ತುದಿಯಲ್ಲಿ, ಬಂದ ನೆಂಟನ ಹಾಗೆ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವಳು ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ನಿಂತಳು. ಹಾಲಿನ ಪಾತ್ರೆ ನೋಡುವ ಹಾಗೆ ನೋಡಿದಳು.

“ಕ್ಷೌರ ಅಂದ್ರಲ್ಲ. ಅದು ನಿಜ.”

ಅವನು ತಲೆ ತಗ್ಗಿಸಿದ.

“ಅವತ್ತು ಬಸ್ಸಿಂದ ಇಳಿದಾಗ ನಿಮ್ಮ ತಲೆ ಮೊಟ್ಟೆ ಥರ ಇತ್ತು. ಕಿವಿ ಹಿಂದೆ ಕೂದಲು ಇನ್ನೂ ಅಂಟ್ಕೊಂಡಿತ್ತು. ನಾನು ಹಿಂದೆ ನಿಂತಿದ್ದೆ, ಅದನ್ನೇ ನೋಡ್ತಿದ್ದೆ. ದಿನಾ ಊರಿನವರ ಹಾಲಲ್ಲಿ ನೀರು ಹುಡುಕ್ತೀನಿ, ಆ ತಲೆ ಬಗ್ಗೆ ಮೂವತ್ತಾರು ವರ್ಷ ಒಂದು ಸಲವಾದ್ರೂ ಯೋಚ್ನೆ ಮಾಡ್ಲಿಲ್ಲ.”

“ತಪ್ಪಾಯ್ತು ಕಣೇ. ಆ ಮಾತನ್ನೆಲ್ಲ ವಾಪಸ್ ತಗೊಂಡೆ ಅಂತ ಅಂದ್ಕೋ.”

“ವಾಪಸ್ಸಾ?” ಅವಳು ಎದುರು ಕುರ್ಚಿಯಲ್ಲಿ ಕೂತಳು. “ಅವತ್ತು ನಮ್ಮಮ್ಮ ಆಸ್ಪತ್ರೇಲಿದ್ರು. ಎರಡು ತಿಂಗಳಾಗಿತ್ತು. ಬರ್ತಾರೋ ಇಲ್ವೋ ಅಂತ ಮನೇಲಿ ಯಾರೂ ನನಗೆ ಹೇಳ್ತಿರಲಿಲ್ಲ. ಆಮೆಗೆ ಅಮ್ಮ ಸಿಕ್ಕಿದ್ರೆ ನನಗೂ ಸಿಗ್ತಾರೆ ಅಂದ್ಕೊಂಡು ಹೋಗಿ ಮಲಗಿದೆ. ಆಮೇಲೆ ಸಿಕ್ಕಿದ್ರು.”

ಚೀಟಿಯಣ್ಣ ಕಣ್ಣೊರೆಸಿಕೊಂಡ. ಕಣ್ಣಿಗೆ ಧೂಳು ಬಿತ್ತು ಎನ್ನೋಣವೆಂದರೆ ಮನೆ ಗುಡಿಸಿ ಒಪ್ಪವಾಗಿತ್ತು.

“ನಿಮ್ಮ ಆಫೀಸಿನಲ್ಲಿ” ಎಂದಳು ಅವಳು, “ಯಾರಿಗೋ ಸಿಕ್ಕಿದ ವಸ್ತು, ಒಂದು ವರ್ಷ ಒಂದು ದಿನ ಯಾರೂ ಕೇಳಿಲ್ಲ ಅಂದ್ರೆ ಯಾರದ್ದಾಗುತ್ತೆ?”

“ಸಿಕ್ಕಿದವರದ್ದು.”

“ಆಮೇಲೆ ಹಳೇ ಮಾಲೀಕ ಬಂದು ಅತ್ರೆ?”

“ವಾಪಸ್ ಇಲ್ಲ.”

“ಗೊತ್ತಲ್ಲ ಮತ್ತೆ? ಇದು ಸಿಕ್ಕಿದ್ದು ನನಗೆ, ಮೂವತ್ತಾರು ವರ್ಷ ಆಯ್ತು. ಒಳಗೇನಿದೆ ಅಂತ ಬಿಚ್ಚದೇನೇ ಹೇಳ್ತೀನಿ ಬೇಕಾದ್ರೆ. ನಿಮಗೆ ಇದರ ಮೇಲೆ ಈಗ ಯಾವ ಹಕ್ಕೂ ಇಲ್ಲ. ಸುಳ್ಳು ಅಂತ ಹೇಳೋ ಹಕ್ಕೂ ಇಲ್ಲ.” ಅವಳು ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ಒಮ್ಮೆ ನಿಂತು, ತಿರುಗದೆಯೇ ಹೇಳಿದಳು: “ಏಳಿ. ಊಟ ಆರ್ತಿದೆ.”

ಅವತ್ತು ಚೀಟಿಯಣ್ಣ ಎರಡು ಸಲ ಬಡಿಸಿಕೊಂಡ.